ಖಾಲಿ ಬಿಟ್ಟ ಮೂರನೆಯ ಭಾಗ

ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಅಧ್ಯಾಪಕರು ಮೊನ್ನೆ ಮನೆಗೆ ಬಂದಿದ್ದರು. ಪದವಿ ಮೊದಲ ವರ್ಷದವರಿಗೆ ವಾದ ಕಟ್ಟಿ ಬರೆಯುವುದನ್ನು ಹೇಗೆ ಕಲಿಸಬೇಕು, ನೀವು ಇಷ್ಟು ವರ್ಷ ಕಲಿಸಿದ್ದೀರಿ, ಅನುಭವ ಬರೆದುಕೊಡಿ ಎಂದರು. ಹೊಗಳಿಕೆಗೆ ಉಬ್ಬಿ ಹೂಂ ಅಂದುಬಿಟ್ಟೆ. ಬರೆಯಲು ಕೂತ ಮೇಲೆ ನೋಡಿದರೆ, ಅದನ್ನು ಹೇಗೆ ಕಲಿಸಬೇಕು ಅನ್ನುವುದು ನನಗೇ ಸರಿಯಾಗಿ ಗೊತ್ತಿಲ್ಲ. ಕಲಿಸಿದ್ದು ಮಾತ್ರ ನಿಜ. ಏನಾಯಿತು ಅಂತ ಹೇಳಬಲ್ಲೆ, ಯಾಕಾಯಿತು ಅಂತ ಕೇಳಬೇಡಿ.

ನಾನು ಕನ್ನಡದ ಮೇಷ್ಟ್ರು. ಪಾಠ ಓದಿ, ಅರ್ಥ ಹೇಳಿ, ಪ್ರಶ್ನೆಗೆ ಉತ್ತರ ಬರೆಸಿ ಸುಖವಾಗಿದ್ದೆ. ಪಠ್ಯಕ್ರಮ ಬದಲಾಗಿ ‘ವಿಮರ್ಶಾತ್ಮಕ ಬರವಣಿಗೆ’ ಎಂಬ ಹೊಸ ಪತ್ರಿಕೆ ಬಂತು. ಇದನ್ನು ಯಾರು ತೆಗೆದುಕೊಳ್ಳುತ್ತೀರಿ ಎಂದು ಸಭೆಯಲ್ಲಿ ಕೇಳಿದಾಗ ಎಲ್ಲರೂ ಫ್ಯಾನ್ ನೋಡತೊಡಗಿದರು. ಪ್ರಾಂಶುಪಾಲರು ನನ್ನ ಕಡೆ ತಿರುಗಿದರು. ಹಿಂದಿನ ವಾರವಷ್ಟೇ ನಾನು ಟೈಮ್‌ಟೇಬಲ್ ವಿಷಯಕ್ಕೆ ಅವರ ಜೊತೆ ಜಗಳ ಆಡಿದ್ದೆ.

“ನೀವು ಹೆಂಗೂ ವಾದ ಮಾಡ್ತೀರಲ್ಲ, ನೀವೇ ತಗೊಳ್ರಿ” ಅಂದರು. ಅದು ಬಡ್ತಿಯೋ ಶಿಕ್ಷೆಯೋ ನನಗೆ ತಿಳಿಯಲಿಲ್ಲ.

ಮೊದಲ ತರಗತಿಯಲ್ಲಿ ಬಲು ಉತ್ಸಾಹದಿಂದ ಹೋದೆ. “ಹಾಜರಾತಿ ಕಡ್ಡಾಯ ಇರಲೇಬೇಕು, ಇದು ನನ್ನ ಅಭಿಪ್ರಾಯ. ನೀವು ನನ್ನನ್ನು ವಿರೋಧಿಸಿ ಬರೆದುಕೊಂಡು ಬರಬೇಕು” ಅಂದೆ. ಮಾರನೆಯ ದಿನ ಒಬ್ಬರೂ ತಪ್ಪಿಸಲಿಲ್ಲ. ಹೆಚ್ಚು ಕಡಿಮೆ ಎಲ್ಲ ಹಾಳೆಗಳೂ ಒಂದೇ ಥರ ಶುರುವಾಗಿದ್ದವು: ‘ಮಾನ್ಯ ಗುರುಗಳ ಅಪ್ಪಣೆಯಂತೆ ನಾನು ಗುರುಗಳ ಮಾತನ್ನು ವಿರೋಧಿಸುತ್ತೇನೆ.’ ಒಬ್ಬ ಕೊನೆಗೆ ತಪ್ಪಿದ್ದರೆ ಕ್ಷಮಿಸಬೇಕು ಅಂತಲೂ ಬರೆದಿದ್ದ. ನಾನು ಹೇಳಿದೆ ಅಂತ ವಿರೋಧಿಸಬೇಡ್ರಪ್ಪ, ನಿಮಗೆ ಹಾಗೆ ಅನಿಸಿದರೆ ಮಾತ್ರ ವಿರೋಧಿಸಿ ಅಂದೆ. ಮುಂದಿನ ವಾರ ಎಲ್ಲರೂ ನನ್ನ ಮಾತಿಗೆ ಒಪ್ಪಿಬಿಟ್ಟರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಯಾವ್ದು ಬೇಕು ಅಂತ ಒಂದು ಹೇಳಿಬಿಡ್ರಿ ಸರ್, ಅದನ್ನೇ ಬರೀತೀವಿ” ಎಂದ. ತಲೆಹರಟೆ ಮಾಡುತ್ತಿರಲಿಲ್ಲ, ಪಾಪ, ನನಗೆ ಸಹಾಯ ಮಾಡಲು ನೋಡುತ್ತಿದ್ದ.

ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ನಜೀರ್ ಸರ್ ಅವರದು. ರಾಜ್ಯಶಾಸ್ತ್ರ ಹೇಳುತ್ತಿದ್ದರು, ಊರಂಚಿನ ಆನೆಕೊಂಡದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ನನ್ನ ಗೋಳು ಕೇಳಿ ನಕ್ಕರು.

“ನಿಮ್ಮ ಮಾತು ಮೀರ್ರಿ ಅಂತ ನೀವೇ ಹೇಳಿದ್ರಿ. ಮೀರಿದ್ರೂ ನಿಮ್ಮ ಮಾತೇ ಕೇಳಿದಂಗೆ ಆತಲ್ಲ ಸರ್. ಅವ್ರು ಎಲ್ಲಿಗೆ ಹೋಗ್ಬೇಕು?”

ಹೇಳಿಸಿಕೊಂಡು ವಿರೋಧಿಸಿದವನು ನಿಜವಾಗಿ ವಿರೋಧಿಸಿದನೋ ಇಲ್ಲವೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಎರಡನೆಯ ಕಾಟ ಇನ್ನೊಂದು ಥರದ್ದು. ಯಾವ ವಿಷಯ ಕೊಟ್ಟರೂ ಮುಕ್ತಾಯದಲ್ಲಿ ಎಲ್ಲರೂ ರಾಜಿ ಆಗಿಬಿಡುತ್ತಿದ್ದರು. ಬೆಣ್ಣೆದೋಸೆಗೆ ಕಟ್ಟಿಗೆ ಒಲೆಯೇ ಆಗಬೇಕೋ ಗ್ಯಾಸ್ ಆದರೂ ನಡೆಯುತ್ತದೋ ಎಂದು ಕೊಟ್ಟೆ. ದಾವಣಗೆರೆಯ ಹುಡುಗರು, ಈ ವಿಷಯಕ್ಕಾದರೂ ಕೈ ಮಿಲಾಯಿಸುತ್ತಾರೆ ಅಂದುಕೊಂಡಿದ್ದೆ. ಬಾಯಲ್ಲಿ ಜಗಳ ಆಡಿದರು ಕೂಡ. ಬರೆಯುವಾಗ ಮಾತ್ರ ಕಟ್ಟಿಗೆಗೆ ಒಂದು ಪ್ಯಾರಾ, ಗ್ಯಾಸಿಗೆ ಒಂದು ಪ್ಯಾರಾ, ಕೊನೆಗೆ ‘ಆದ್ದರಿಂದ ಎರಡೂ ಉತ್ತಮವಾಗಿವೆ’. ಪಂಕ್ತಿಯಲ್ಲಿ ಬಡಿಸುವವರ ಹಾಗೆ ಎಲ್ಲರ ಎಲೆಗೂ ಒಂದೊಂದು ಸೌಟು. ಕೆಂಪು ಪೆನ್ನಿನಿಂದ ಗೀಚಿ ಗೀಚಿ ಬೆರಳು ನೋವು ಬಂತು.

ಗಲಾಟೆ ಕೇಳಿ ಪ್ರಾಂಶುಪಾಲರು ಒಮ್ಮೆ ಬಾಗಿಲಿಗೆ ಬಂದರು. ನನ್ನನ್ನು ವರಾಂಡಕ್ಕೆ ಕರೆದು, “ವಾದ ಕಲಿಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರೆ ಅವ್ರು ವಾದ ಮಾಡೋದು ಬ್ಯಾಡ” ಅಂದರು. ಕೆಟ್ಟ ಮನುಷ್ಯರಲ್ಲ. ನಾನೂ ತಿಳಿದವನಂತೆ ತಲೆ ಆಡಿಸಿ ಒಳಗೆ ಬಂದೆ.

ಹೀಗೆ ಒದ್ದಾಡುತ್ತಿರುವಾಗ ಒಂದು ಉಪಾಯ ಹೊಳೆಯಿತು. ಬರಹಕ್ಕೆ ಮೂರು ಭಾಗ ಮಾಡಿದೆ. ಮೊದಲ ಭಾಗದಲ್ಲಿ ನಿಮಗೆ ಒಪ್ಪಿಗೆಯಿಲ್ಲದವರ ಮಾತನ್ನು ಅವರಿಗಿಂತ ಚೆನ್ನಾಗಿ ಬರೆಯಬೇಕು. ಬರೆದು ಅವರ ಕೈಗೇ ಕೊಟ್ಟು, ‘ಹೌದು, ನನ್ನ ಮಾತು ಇದೇ’ ಅಂತ ಸಹಿ ಹಾಕಿಸಿಕೊಂಡು ಬರಬೇಕು. ಎರಡನೆಯ ಭಾಗದಲ್ಲಿ ಅದಕ್ಕೆ ಎದುರು ಮಾತು. ಮೂರನೆಯ ಭಾಗ ನಿಮ್ಮ ಸ್ವಂತದ್ದು: ಎರಡನ್ನೂ ತೂಗಿ ನೀವು ಏನು ಹೇಳುತ್ತೀರಿ? ಈ ಮೂರನೆಯ ಭಾಗಕ್ಕೆ ಕಟ್ಟುನಿಟ್ಟು ಮಾಡಿದೆ. ಪಕ್ಕದವರದ್ದೂ ನಿಮ್ಮದೂ ಒಂದೇ ಕಂಡರೆ ಇಬ್ಬರಿಗೂ ಸೊನ್ನೆ. ತರಗತಿಯಲ್ಲಿ ಅದನ್ನು ಬರೆಸುವಾಗ ಎಲ್ಲರೂ ಪೆನ್ನು ಕಚ್ಚುತ್ತಾ ಕೂರುತ್ತಿದ್ದರು. ನಾನು ಬೆಂಚುಗಳ ನಡುವೆ ಓಡಾಡುತ್ತಾ, “ಯೋಚನೆ ಮಾಡ್ರಿ, ಟೈಮ್ ಐತೆ” ಅನ್ನುತ್ತಿದ್ದೆ. ಹುಡುಗರು ನನ್ನ ಹಿಂದೆ ನನಗೆ ‘ಟೈಮ್ ಐತೆ’ ಅಂತಲೇ ಹೆಸರು ಇಟ್ಟಿದ್ದರಂತೆ.

ಆ ವರ್ಷ ಹರಿಹರದ ಕಡೆಯಿಂದ ಬಸ್ಸಿನಲ್ಲಿ ಬರುವವರಲ್ಲಿ ಇಬ್ಬರು ಹುಡುಗಿಯರಿದ್ದರು, ಶಿವಲೀಲಾ ಮತ್ತು ರೇಖಾ. ಅಣ್ಣತಮ್ಮಂದಿರ ಮಕ್ಕಳು, ಒಂದೇ ಮನೆ. ಒಂದೇ ಬಸ್ಸು, ಒಂದೇ ಬೆಂಚು, ಒಂದೇ ಡಬ್ಬಿಯಲ್ಲಿ ಊಟ. ಒಬ್ಬಳ ಹೆಸರು ಕೂಗಿದರೆ ಇಬ್ಬರೂ ತಲೆ ಎತ್ತುತ್ತಿದ್ದರು. ಹರಿಹರದಲ್ಲಿ ಅವರದು ಹಗ್ಗ, ಗೋಣಿಚೀಲ, ತಾಡಪಾಲಿನ ಅಂಗಡಿ. ಶಿವಲೀಲಾಳ ಅಪ್ಪ ಬಸವರಾಜಪ್ಪ ದೊಡ್ಡವರು, ಗಲ್ಲಾದ ಮೇಲೆ ಕೂರುವವರು. ರೇಖಾಳ ಅಪ್ಪ ಮಹೇಶಪ್ಪ ಚಿಕ್ಕವರು, ಒಳಗೆ ಹಗ್ಗ ಅಳೆದು ಕೊಡುವವರು.

ನಾನು ಮೂರು ಭಾಗದ ಬರಹ ಕೊಟ್ಟಾಗ, ತಮ್ಮ ಬೇರೆ ಅಂಗಡಿ ಬೇಕು ಅಂದದ್ದಕ್ಕೆ ಆ ಮನೆಯಲ್ಲಿ ಅಣ್ಣತಮ್ಮ ಮಾತು ಬಿಟ್ಟಿದ್ದರು. ಮಾತು ಬಿಡುವುದು ಅಂದರೆ ನಮ್ಮ ಕಡೆ ಮೌನ ಅಲ್ಲ. ಎಲ್ಲವನ್ನೂ ಮಕ್ಕಳ ಮೂಲಕ ಹೇಳುತ್ತಾರೆ. ಇಬ್ಬರೂ ಎದುರುಬದುರು ಕೂತು ಊಟ ಮಾಡುತ್ತಿರುತ್ತಾರೆ. “ನಿಮ್ಮ ಚಿಕ್ಕಪ್ಪಗೆ ಹೇಳು, ನಾಳೆ ಗೋಣಿಚೀಲದ ಲಾರಿ ಬರ್ತೈತೆ” ಎಂದು ಇವರು, “ಗೊತ್ತೈತೆ ಅಂತ ನಿಮ್ಮ ದೊಡ್ಡಪ್ಪಗೆ ಹೇಳು” ಎಂದು ಅವರು. ಮಧ್ಯೆ ಈ ಹುಡುಗಿಯರು ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಮಾತು ಸಾಗಿಸಬೇಕು.

ಶಿವಲೀಲಾ ಬಂದು ಕೇಳಿದಳು: “ಸರ್, ನಮ್ಮನೆ ಜಗಳನೇ ಬರೀಬಹುದಾ?”

“ಯಾರ ಕಡೆಯಿಂದ ಬರೀತೀಯಮ್ಮ?”

“ನಾನು ಚಿಕ್ಕಪ್ಪಂದು ಬರೀತೀನಿ, ರೇಖಾ ನಮ್ಮಪ್ಪಂದು ಬರೀತಾಳೆ. ಎದುರಿನವರದ್ದು ಬರೀಬೇಕು ಅಂದಿದ್ರಲ್ಲ. ಸಹಿನೂ ಹಾಕಿಸ್ಕಂಡು ಬರ್ತೀವಿ.”

ನನಗೆ ಖುಷಿಯಾಯಿತು. ಒಲೆ, ಗ್ಯಾಸು ಅಂತ ಸುಳ್ಳು ಜಗಳ ಹಚ್ಚಿ ಬೇಸತ್ತಿದ್ದೆ. ಇಲ್ಲಿ ನಿಜವಾದ ಜಗಳ, ನಿಜವಾದ ಸಹಿ. ಒಂದು ಮನೆ ಒಡೆಯುವುದೋ ಉಳಿಯುವುದೋ ಎಂಬ ಮಾತು ಅದು. ಎರಡು ಕಡೆಯೂ ಸ್ಪಷ್ಟವಾಗಿ ಕಂಡರೆ ಉಳಿಯುತ್ತದೆ ಎಂದೇ ನಂಬಿದ್ದೆ. ನಾನು ಕಲಿಸುತ್ತಿದ್ದುದೇ ಅದು.

ಹಾಳೆಗಳು ಬಂದವು. ಅಂಥ ಬರಹವನ್ನು ಮೊದಲ ವರ್ಷದವರಿಂದ ನಾನು ಅದಕ್ಕೆ ಮುಂಚೆ ಓದಿರಲಿಲ್ಲ, ಆಮೇಲೂ ಓದಲಿಲ್ಲ. ಶಿವಲೀಲಾ ತನ್ನ ಚಿಕ್ಕಪ್ಪನ ಬಾಯಿಂದ ಬರೆದಿದ್ದಳು: ‘ಅಣ್ಣ ಊಟಕ್ಕೆ ಹೋದಾಗ ಗಲ್ಲಾದ ಮೇಲೆ ಅವನ ಟವೆಲ್ ಇರುತ್ತದೆ. ಅಂಗಡಿ ಇಬ್ಬರದೂ ಅನ್ನುತ್ತಾರೆ. ಆ ಟವೆಲ್ ಸರಿಸಿ ಕೂರುವುದಕ್ಕೆ ನನಗೆ ಆಗುವುದಿಲ್ಲ. ಬಂದವರು ನನ್ನನ್ನು ನೋಡಿ, ಸಾವ್ಕಾರ್ರು ಇಲ್ವಾ ಅಂತ ಕೇಳುತ್ತಾರೆ. ದಾವಣಗೆರೆಯಲ್ಲಿ ಬೇರೆ ಅಂಗಡಿ ಬೇಕು ಅಂತ ನಾನು ಕೇಳುವುದು ದುರಾಸೆಗಲ್ಲ.’ ರೇಖಾ ತನ್ನ ದೊಡ್ಡಪ್ಪನ ಬಾಯಿಂದ: ‘ಕೊಕ್ಕನೂರು, ಭಾನುವಳ್ಳಿ ಕಡೆಯ ಗಿರಾಕಿಗಳು ನಮ್ಮಪ್ಪನ ಕಾಲದಿಂದ ಮುಖ ನೋಡಿ ಬರುತ್ತಾರೆ. ನಾನು ಎದ್ದರೆ ಅವರೂ ಎದ್ದು ಹೋಗುತ್ತಾರೇನೋ ಎಂದು ನನಗೆ ಭಯ. ಸುಗ್ಗಿಯಲ್ಲಿ ಅಂಗಡಿ ಬಿಟ್ಟು ಒಂದು ಮದುವೆ ಊಟ ಉಂಡವನಲ್ಲ. ಭಯ ಇದೆ ಅಂತ ತಮ್ಮನಿಗೆ ಹೇಳಿಕೊಂಡರೆ ಅಣ್ಣ ಅನ್ನಿಸಿಕೊಳ್ಳುವುದು ಹೇಗೆ? ಅದಕ್ಕೇ ಅವನು ನನ್ನದು ದರ್ಪ ಅಂತ ತಿಳಿದಿದ್ದಾನೆ.’

ಇಬ್ಬರ ಹಾಳೆಯಲ್ಲೂ ಕೆಳಗೆ ಸಹಿ ಇತ್ತು. ಮಹೇಶಪ್ಪನವರ ಸಹಿ ಅಣ್ಣನ ಮಗಳು ಬರೆದದ್ದರ ಕೆಳಗೆ, ಬಸವರಾಜಪ್ಪನವರದು ತಮ್ಮನ ಮಗಳು ಬರೆದದ್ದರ ಕೆಳಗೆ. ಎರಡನೆಯ ಭಾಗವೂ ಸೊಗಸಾಗಿತ್ತು. ಮೂರನೆಯ ಭಾಗ ಇಬ್ಬರೂ ಖಾಲಿ ಬಿಟ್ಟಿದ್ದರು. ಅಪ್ಪಂದಿರ ವಿಷಯದಲ್ಲಿ ಮಕ್ಕಳು ತೀರ್ಪು ಹೇಳುವುದು ಕಷ್ಟ, ಸಂಕೋಚಪಟ್ಟಿದ್ದಾರೆ ಅಂದುಕೊಂಡೆ. ನನ್ನ ಕಟ್ಟುನಿಟ್ಟು ಪಕ್ಕಕ್ಕಿಟ್ಟು ಇಬ್ಬರಿಗೂ ತರಗತಿಯಲ್ಲೇ ಎಲ್ಲರಿಗಿಂತ ಹೆಚ್ಚಿನ ಅಂಕ ಕೊಟ್ಟೆ. ನಜೀರ್ ಸರ್‌ಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಇದು ಮನೆಗೂ ಹೋಗೈತಾ ಸರ್?” ಅಂದರು. ಹೋಗದೆ ಸಹಿ ಹೆಂಗೆ ಬರುತ್ತೆ ಅಂದೆ.

ಹಾಳೆಗಳನ್ನು ತಿರುಗಿ ಕೊಟ್ಟು ಸ್ವಲ್ಪ ದಿನಕ್ಕೆ ಬಸವರಾಜಪ್ಪನವರು ಕಾಲೇಜಿಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಆ ಟವೆಲ್ ಕಂಡೊಡನೆ ಇವರೇ ಅಂತ ಗುರುತು ಸಿಕ್ಕಿತು. ಬೈಯಲು ಬಂದಿದ್ದಾರೆ ಅಂದುಕೊಂಡು ಎದ್ದು ನಿಂತೆ.

“ಬರ್ರಿ, ಕೂಡ್ರಿ.”

“ಕೂಡ್ತೀನ್ರಿ. ಸರ್, ನೀವು ಚಲೋ ಕಲಿಸೀರಿ. ನನ್ನ ಮನಸ್ಸಿನಾಗೆ ಏನೈತೆ ಅಂತ ನನಗೇ ಗೊತ್ತಿರ್ಲಿಲ್ಲ. ಆ ಹುಡುಗಿ ಬರೆದಿದ್ದು ಓದಿ ಕಣ್ಣಾಗೆ ನೀರು ಬಂತ್ರಿ. ನಮ್ಮ ಶಿವಲೀಲಾ ಬರೆದಿದ್ದೂ ಓದಿದೆ. ನನ್ನ ತಮ್ಮ ಹಿಂಗೆ ಒಳಗೆ ಬೆಂದಿದ್ದು ನನಗೆ ಕಂಡೇ ಇರ್ಲಿಲ್ಲ.”

ನನಗೆ ಹಿಡಿಸಲಾರದಷ್ಟು ಸಂತೋಷ. “ಹಾಗಾದರೆ ರಾಜಿ ಆಯಿತು ಅನ್ನಿ” ಎಂದೆ.

“ಅಂಗ್ಡಿ ಮಧ್ಯ ಗ್ವಾಡೆ ಕಟ್ಟಸ್ತಾ ಇದೀವ್ರಿ.”

ಅವರೇ ನಿಧಾನವಾಗಿ ಹೇಳಿದರು. ನಮ್ಮಲ್ಲಿ ಅಣ್ಣತಮ್ಮಂದಿರ ಜಗಳ ಹಿರಿಯರ ಮುಂದೆ ಹೋದರೆ ವಿಚಾರಣೆ ಕಡಿಮೆ, ಬೈಗುಳ ಜಾಸ್ತಿ. ಒಬ್ಬನದು ತಪ್ಪು ಅಂತ ಹಿಡಿದು ಚೆನ್ನಾಗಿ ಬೈಯುತ್ತಾರೆ. ಬೈಸಿಕೊಂಡವನು ತಲೆ ತಗ್ಗಿಸುತ್ತಾನೆ, ಇನ್ನೊಬ್ಬನಿಗೆ ಪಾಪ ಅನಿಸುತ್ತದೆ, ಇಬ್ಬರನ್ನೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂರಿಸುತ್ತಾರೆ. ಅಲ್ಲಿಗೆ ಮುಗಿಯಿತು. ಈ ಸಲ ಅಣ್ಣತಮ್ಮ ಇಬ್ಬರೂ ಜೇಬಿನಿಂದ ಹಾಳೆ ತೆಗೆದು ಹಿರಿಯರ ಮುಂದೆ ಇಟ್ಟಿದ್ದಾರೆ. ಹಿರಿಯರು ಎರಡನ್ನೂ ಓದಿಸಿ ಕೇಳಿ, ಇಬ್ಬರದೂ ಖರೇ ಐತಲ್ಲಪ್ಪ, ಈಗ ಯಾರಿಗೆ ಬೈಯೋದು ಅಂದರಂತೆ. ಬೈಯಲು ಯಾರೂ ಇಲ್ಲದ ಮೇಲೆ ಉಳಿದದ್ದು ಪಾಲು ಒಂದೇ. ದಾವಣಗೆರೆಗೆ ಹೋಗುವುದು ಬೇಡ, ಇಲ್ಲೇ ಅರ್ಧ ಅರ್ಧ ಮಾಡಿಕೊಳ್ಳಿ, ಮನೆಯೂ ಹಾಗೇ ಅಂತ ತೀರ್ಮಾನ ಆಯಿತು.

“ಒಂದು ಕೇಳ್ಲೇನ್ರಿ?” ಅಂದರು. “ಮೊದ್ಲು ಜಗಳ ಇತ್ತು, ಗ್ವಾಡೆ ಇರ್ಲಿಲ್ಲ. ಈಗ ಒಬ್ರದೊಬ್ರಿಗೆ ಪೂರಾ ತಿಳಿದೈತೆ, ಗ್ವಾಡೆ ಬಂದೈತೆ. ಇದು ಹೆಂಗ್ರಿ?”

ನನಗೆ ಗೊತ್ತಿಲ್ಲ ಅಂದೆ. ಅವರು ನನಗಿಂತ ದೊಡ್ಡವರು, ಆದರೂ ನಮಸ್ಕಾರ ಮಾಡಿ ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಆಮೇಲೆ ಬೆಂಚಿನ ಮೇಲೆ ಶಿವಲೀಲಾ ಒಬ್ಬಳೇ. ರೇಖಾ ಕಿಟಕಿಯ ಕಡೆ ಬೇರೆ ಬೆಂಚಿಗೆ ಹೋದಳು. ಮನೆಯಲ್ಲಿ ತಾಯಂದಿರು ಹೇಳಿದ್ದರಂತೆ, ಸ್ವಲ್ಪ ದಿನ ದೂರ ಇರ್ರಿ ಅಂತ. ಬಸ್ಸಿನಲ್ಲೂ ಒಬ್ಬಳು ಮುಂದೆ, ಒಬ್ಬಳು ಹಿಂದೆ. ಡಬ್ಬಿ ಎರಡಾದವು. ನಾನು ಪಾಠ ಹೇಳುತ್ತಾ ಆ ಎರಡು ಬೆಂಚುಗಳ ನಡುವೆ ಓಡಾಡುತ್ತಿದ್ದೆ. ಒಂದು ಕಡೆ ನೋಡಿದರೆ ಇನ್ನೊಂದು ಕಡೆಗೆ ಅನ್ಯಾಯ ಮಾಡಿದಂತೆ ಅನಿಸಿ ಕಪ್ಪು ಹಲಗೆಯನ್ನೇ ನೋಡುತ್ತಿದ್ದೆ. ಎಲ್ಲಾ ನನ್ನ ತಪ್ಪು ಅಂತ ಒಪ್ಪಿಕೊಂಡು ಕೈ ತೊಳೆದುಕೊಳ್ಳೋಣ ಅಂದರೆ ಅದೂ ಆಗದು, ಯಾಕೆಂದರೆ ಎಲ್ಲಿ ತಪ್ಪಿತು ಅಂತ ನನಗೆ ಕಾಣಲಿಲ್ಲ. ಎದುರಿನವರನ್ನು ಅರ್ಥ ಮಾಡಿಕೊಳ್ಳಬೇಡಿ ಅಂತ ಯಾವ ಮೇಷ್ಟ್ರು ಕಲಿಸುತ್ತಾನೆ? ಮುಂದಿನ ವರ್ಷವೂ ಮೂರು ಭಾಗವನ್ನೇ ಕಲಿಸಿದೆ. ಮನೆ ಜಗಳ ಬರೆಯುವುದು ಬೇಡ ಅಂತ ಮಾತ್ರ ಹೇಳಿದೆ. ಬರಹಗಳು ಮತ್ತೆ ಬೆಣ್ಣೆದೋಸೆಗೆ ಬಂದವು.

ಕೊನೆಕೊನೆಗೆ ಎಲ್ಲ ಬದಲಾಯಿತು. ಈಗ ಫೋನಿಗೆ ಕೇಳಿದರೆ ಎರಡೂ ಕಡೆಯ ಮಾತನ್ನು ಅದೇ ಬರೆದುಕೊಡುತ್ತದೆ, ತಪ್ಪಿಲ್ಲದೆ, ನನಗಿಂತ ಅಚ್ಚುಕಟ್ಟಾಗಿ. ಮನೆಗೆ ಬಂದ ಕಿರಿಯ ಅಧ್ಯಾಪಕರಲ್ಲಿ ಒಬ್ಬರು, “ಸ್ವಂತ ಅಭಿಪ್ರಾಯನೂ ಅದೇ ಬರ್ಕೊಡ್ತದೆ ಸರ್” ಅಂದರು. ಯಾರ ಸ್ವಂತ ಅಂತ ಕೇಳಿದೆ.

ನಿವೃತ್ತಿಯಾದ ಮೇಲೆ ಮನೆಯ ತಾರಸಿಗೆ ಒಂದು ತಾಡಪಾಲು ಬೇಕಾಯಿತು. ದಾವಣಗೆರೆಯಲ್ಲಿ ಸಿಗುವುದಿಲ್ಲ ಅಂತಲ್ಲ. ಆದರೂ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಒಂದೇ ಸೂರು, ಎರಡು ಬಾಗಿಲು, ಎರಡು ಬೋರ್ಡು, ನಡುವೆ ಗೋಡೆ. ಊಟದ ಹೊತ್ತು. ಎಡಗಡೆಯ ಗಲ್ಲಾದ ಮೇಲೆ ಶಿವಲೀಲಾ ಕೂತಿದ್ದಳು. ನನ್ನನ್ನು ಕಂಡು ದಡಕ್ಕನೆ ಎದ್ದಳು.

“ಬರ್ರಿ ಸರ್, ಕೂಡ್ರಿ. ಅಪ್ಪ ಊಟಕ್ಕೆ ಹೋಗ್ಯಾರೆ.”

ನಾನು ಬೇಕಾದ ಅಳತೆ ಹೇಳಿದೆ. ಅವಳು ಸುತ್ತ ನೋಡಿ, “ಅದು ಈ ಕಡೆ ಇಲ್ಲ” ಎಂದು ಫೋನ್ ಎತ್ತಿ ಏನೋ ಅಂದಳು. ಎರಡು ನಿಮಿಷಕ್ಕೆ ಬೀದಿಯ ಕಡೆಯಿಂದ ರೇಖಾ ತಾಡಪಾಲು ಎತ್ತಿಕೊಂಡು ಬಂದಳು. ಆ ಕಡೆಯ ಗಲ್ಲಾದ ಮೇಲೆ ಅವಳಂತೆ. ಅಪ್ಪಂದಿರು ಊಟಕ್ಕೆ ಹೋದಾಗ ಇಬ್ಬರೂ ಕೂರುತ್ತಾರಂತೆ. ಅಣ್ಣತಮ್ಮ ಈಗ ಮಾತಾಡುತ್ತಾರೆ, ನೆಂಟರ ಹಾಗೆ, ಹಬ್ಬಕ್ಕೆ ಮದುವೆಗೆ ಅಷ್ಟೇ. ಮಕ್ಕಳ ಮೂಲಕ ಹೇಳಿ ಕಳಿಸುವುದು ನಿಂತಿದೆ. ಹೇಳಿ ಕಳಿಸುವಂಥದ್ದು ಏನೂ ಉಳಿದಿಲ್ಲ.

ಟೀ ತರಿಸಿದರು. ಇಷ್ಟು ವರ್ಷ ತಲೆಯಲ್ಲಿದ್ದ ಒಂದು ಮಾತನ್ನು ಕೇಳಿಯೇಬಿಟ್ಟೆ.

“ಅವತ್ತು ನೀವಿಬ್ಬರೂ ಮೂರನೇ ಭಾಗ ಯಾಕೆ ಬರೀಲಿಲ್ಲ?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಬರೆದಿದ್ವಿ ಸರ್” ಅಂದಳು ರೇಖಾ. “ಇಬ್ರೂ ಕೂತ್ಕಂಡು ಬರೆದಿದ್ವಿ. ಇಬ್ರದೂ ಒಂದೇ ಆತು. ಒಂದೇ ಕಂಡ್ರೆ ಸೊನ್ನೆ ಅಂದಿದ್ರಲ್ಲ ನೀವು. ಬೇರೆ ಬೇರೆ ಮಾಡಾಕೆ ನೋಡಿದ್ವಿ, ಆಗ್ಲಿಲ್ಲ. ಹರಿದು ಹಾಕಿದ್ವಿ.”

ಟೀ ಲೋಟ ಕೆಳಗಿಟ್ಟೆ. ಏನು ಬರೆದಿದ್ದಿರಿ ಎಂದೆ.

“ದೊಡ್ಡದೇನಿಲ್ಲ ಸರ್” ಅಂದಳು ಶಿವಲೀಲಾ. “ಗಲ್ಲಾ ಮೇಲೆ ಒಂದು ದಿನ ಅಪ್ಪ ಕೂಡ್ಬೇಕು, ಒಂದು ದಿನ ಚಿಕ್ಕಪ್ಪ. ಟವೆಲ್ ಮನ್ಯಾಗೆ ಬಿಟ್ಟು ಬರ್ಬೇಕು. ಅಷ್ಟೇ.”

“ಮನೆಯಲ್ಲಿ ಹೇಳಲಿಲ್ಲವಾ?”

“ನಮ್ಮನ್ನ ಯಾರು ಕೇಳ್ತಾರ್ರಿ ಮನ್ಯಾಗೆ? ಅವ್ರ ಮಾತು ಇವ್ರಿಗೆ ಹೇಳು, ಇವ್ರ ಮಾತು ಅವ್ರಿಗೆ ಹೇಳು, ಅಷ್ಟೇ. ನಿಮ್ದೇನು ಅಂತ ಕೇಳಿದೋರು ನೀವೊಬ್ರೇ. ನಾವು ಬರೀದಿದ್ರೂ ನೀವೂ ಮಾರ್ಕ್ಸ್ ಕೊಟ್ಟು ಸುಮ್ಮನಾದ್ರಿ.”

ಆಕ್ಷೇಪಣೆ ಮಾಡುವ ದನಿಯಲ್ಲಿ ಹೇಳಲಿಲ್ಲ. ಇಬ್ಬರೂ ನಗುತ್ತಲೇ ಇದ್ದರು.

ಹೊರಡುವಾಗ ಶಿವಲೀಲಾ ಗೋಡೆಗೆ ಒರಗಿ ನಿಂತು ಕೇಳಿದಳು: “ನಿಮ್ದೇನು ಸರ್? ಈ ಗ್ವಾಡೆ ಆಗಿದ್ದು ಚಲೋ ಆತಾ, ಕೆಟ್ಟದ್ದಾತಾ?”

ಗೋಡೆ ಆಗದಿದ್ದರೆ ನೀವಿಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡಿಕೊಂಡು ಇರುತ್ತಿದ್ದಿರಿ ಅಂದೆ. ಹೂಂ ಅಂದರು. ಆದರೆ ಗೋಡೆ ಆಗದಿದ್ದರೆ ಮಹೇಶಪ್ಪನವರು ಯಾವತ್ತೂ ಗಲ್ಲಾದ ಮೇಲೆ ಕೂರುತ್ತಿರಲಿಲ್ಲ, ಹೆಣ್ಣುಮಕ್ಕಳು ನೀವಂತೂ ಕೂರುತ್ತಲೇ ಇರಲಿಲ್ಲವೇನೋ ಅಂದೆ. ಅದಕ್ಕೂ ಹೂಂ ಅಂದರು. ಆಮೇಲೆ ಇಬ್ಬರೂ ಕಾದರು. ನಾನು ತಾಡಪಾಲನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡೆ.

“ಯೋಚನೆ ಮಾಡ್ರಿ ಸರ್” ಅಂದಳು ರೇಖಾ. “ಟೈಮ್ ಐತೆ.”

ಬಸ್ಸಿನಲ್ಲಿ ದಾವಣಗೆರೆಯವರೆಗೂ ಯೋಚನೆ ಮಾಡಿದೆ. ಇದನ್ನು ಬರೆಯಲು ಒಪ್ಪಿಕೊಂಡಿದ್ದು ಹೊಗಳಿಕೆಗಷ್ಟೇ ಅಲ್ಲ, ಬರೆಯುತ್ತಾ ಹೋದರೆ ಉತ್ತರ ಸಿಕ್ಕೀತು ಎಂಬ ಆಸೆಗೂ. ಇಷ್ಟು ಬರೆದು ತಿರುಗಿ ನೋಡಿದರೆ, ಆ ಕಡೆಯ ಮಾತೂ ಬಂದಿದೆ, ಈ ಕಡೆಯ ಮಾತೂ ಬಂದಿದೆ. ಪೆನ್ನು ಕಚ್ಚುತ್ತಾ ಕೂತಿದ್ದೇನೆ.